ಗುಜರಿ ಸೇರಿದ ಹತ್ತರಿಯನ್ನು ಮತ್ತೆ ಕೆಲಸಕ್ಕೆ ಹಚ್ಚುವುದು ಹೇಗೆ?

ಮೈಸೂರಿನ ಮಂಡಿ ಮೊಹಲ್ಲಾ ಕಡೆಯ ಒಂದು ಗುಜರಿ ಅಂಗಡಿ. ಸೈಕಲ್ ರಿಮ್ಮು, ಮುರಿದ ಫ್ಯಾನುಗಳ ನಡುವೆ ಬಡಗಿಗಳು ಮರ ಕೀಸುವ ಕಬ್ಬಿಣದ ಹತ್ತರಿಯೊಂದು ಮಕಾಡೆ ಬಿದ್ದಿತ್ತು. ಎತ್ತಿ ನೋಡಿದೆ. ಮೈಯೆಲ್ಲ ತುಕ್ಕು. ಆದರೆ ಪಕ್ಕೆಯ ಮೇಲಿನ ತುಕ್ಕಿಗೆ ಒಂದು ಆಕಾರ ಇತ್ತು. ಮೂರು ಅಡ್ಡಗೆರೆ, ನಡುವೆ ಒಂದು ದುಂಡು ಮಚ್ಚೆ. ವಿಭೂತಿ, ಕುಂಕುಮ! ಯಾವುದೋ ವರ್ಷದ ಆಯುಧಪೂಜೆಯಲ್ಲಿ ಯಾರೋ ಆಚಾರ್ರು ನೀರಲ್ಲಿ ಕಲಸಿ ಹಚ್ಚಿದ್ದನ್ನು ಒರೆಸದೆ ಹಾಗೇ ಬಿಟ್ಟಿದ್ದಾರೆ. ಬಣ್ಣ ಹೋಗಿದೆ, ಆ ಜಾಗವನ್ನು ಮಾತ್ರ ತುಕ್ಕು ಆಳವಾಗಿ ತಿಂದಿದೆ.

350 ರೂಪಾಯಿ ಕೊಟ್ಟು ತಂದೆ. ಅಂಗಡಿಯವರು ತಕ್ಕಡಿಗೆ ಹಾಕಿ ತೂಕದ ಲೆಕ್ಕದಲ್ಲೇ ಕೊಡುತ್ತಿದ್ದರೋ ಏನೋ, ನಾನು ಜಾಸ್ತಿ ಆಸೆ ತೋರಿಸಿಬಿಟ್ಟೆ.

ಇಂಥ ಸಾಮಾನು ನಮ್ಮ ಕಡೆ ಗುಜರಿಗೆ ಬರುವುದಕ್ಕೆ ಕಾರಣ ಇದೆ. ಮಂಡ್ಯ ಸೀಮೆಯಲ್ಲಿ ಕಬ್ಬು ಸಾಗಿಸಲು ಮರದ ಚಕ್ರದ ಎತ್ತಿನಗಾಡಿ ಬೇಕಿತ್ತು. 1933ರಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲಂತೂ ಕೇಳುವುದೇ ಬೇಡ. ಗಾಡಿ, ನೇಗಿಲು, ಕುಂಟೆ ಅಂತ ಊರಿನ ಬಡಗಿಗೆ ಕೈತುಂಬ ಕೆಲಸ. ಆಮೇಲೆ ಟೈರು ಗಾಡಿ ಬಂತು, ಟ್ರ್ಯಾಕ್ಟರ್ ಬಂತು. ಇತ್ತ ಮೈಸೂರಿನ ಬಡಗಿಗಳ ಕೈಗೆ ಕರೆಂಟಿನ ಹತ್ತರಿ ಬಂತು. ಅಪ್ಪನ ಪೆಟ್ಟಿಗೆ ಅಟ್ಟ ಸೇರಿತು, ಮನೆ ಖಾಲಿ ಮಾಡುವಾಗ ಅಟ್ಟದಿಂದ ಗುಜರಿಗೆ ಹೋಯಿತು.

ಹಳೆಯದು ಅನ್ನೋ ಒಂದೇ ಕಾರಣಕ್ಕೆ ಇವನ್ನು ಮೆಚ್ಚುವವನು ನಾನಲ್ಲ. ನನಗೆ ಇಷ್ಟವಾಗುವುದು, ಒಂದು ಸ್ಕ್ರೂಡ್ರೈವರ್ ಇದ್ದರೆ ಇಡೀ ಹತ್ತರಿಯನ್ನು ಬಿಚ್ಚಿ ಮೇಜಿನ ಮೇಲೆ ಹರಡಬಹುದು ಎಂಬುದು. ಯಾವ ಭಾಗ ಯಾಕೆ ಇದೆ ಎಂದು ನೋಡಿದರೇ ಗೊತ್ತಾಗುತ್ತದೆ. ಕೆಟ್ಟರೆ ನಾವೇ ಸರಿ ಮಾಡಬಹುದು. ಒಂದು ಭಾನುವಾರ ಸಾಕು. ಹೇಗೆ ಅಂತ ಹೇಳುತ್ತೇನೆ.

ಕೊಳ್ಳುವಾಗ ಏನು ನೋಡಬೇಕು

ತುಕ್ಕು ನೋಡಿ ಹೆದರಬೇಡಿ, ಬಿರುಕು ನೋಡಿ ಹೆದರಿ. ಹತ್ತರಿಯ ಮೈ ಎರಕದ ಕಬ್ಬಿಣ. ಕೈ ಜಾರಿ ಸಿಮೆಂಟ್ ನೆಲಕ್ಕೆ ಬಿದ್ದರೆ ಬಾಯಿಯ, ಅಂದರೆ ತಳದಲ್ಲಿ ಅಲಗು ಇಣುಕುವ ಸೀಳಿನ, ಅಕ್ಕಪಕ್ಕದಲ್ಲಿ ಬಿರುಕು ಬಿಡುತ್ತದೆ. ಅಂಥದ್ದು ಬೇಡ, ಬೆಸುಗೆ ಹಾಕಿದ್ದೂ ಬೇಡ. ಅಲಗು ಎಷ್ಟು ಉದ್ದ ಉಳಿದಿದೆ ನೋಡಿ. ಅದರ ಬೆನ್ನಿನ ಕಡೆ, ಅಂದರೆ ಇಳಿಜಾರಿಲ್ಲದ ಮಗ್ಗುಲಲ್ಲಿ, ಹರಿತದ ಅಂಚಿನ ಹತ್ತಿರ, ಉಗುರಿಗೆ ಸಿಗುವಂಥ ತುಕ್ಕಿನ ಗುಂಡಿಗಳಿದ್ದರೆ ಕೆಲಸ ಜಾಸ್ತಿ. ಸ್ಕ್ರೂಗಳೆಲ್ಲ ಇವೆಯಾ ಎಂದು ಎಣಿಸಿ. ಹಳೇ ವಿದೇಶಿ ಹತ್ತರಿಗಳ ಥ್ರೆಡ್ಡು ಬೇರೆ ಥರ, ನಮ್ಮ ಹಾರ್ಡ್‌ವೇರ್ ಅಂಗಡಿಯ ಸ್ಕ್ರೂ ಕೂರುವುದಿಲ್ಲ.

ಅಮೆರಿಕದ ಸ್ಟ್ಯಾನ್ಲಿ ಕಂಪನಿಯದ್ದು ಸಿಕ್ಕರೆ ವಯಸ್ಸು ಹೇಳುವ ಒಂದು ಗುಟ್ಟು ಇದೆ. ಅಲಗು ಕೂರುವ ಇಳಿಜಾರು ಪೀಠವನ್ನು ಇಂಗ್ಲಿಷಿನವರು ಫ್ರಾಗ್ ಅಂತಾರೆ, ಅಂದರೆ ಕಪ್ಪೆ. ಯಾಕೆ ಕಪ್ಪೆಯೋ, ನನಗಂತೂ ಹಾಗೆ ಕಾಣುವುದಿಲ್ಲ. ಆ ಕಪ್ಪೆಯ ಹಿಂದೆ ಮೈಯ ಎರಕದಲ್ಲೇ ಪೇಟೆಂಟ್ ತಾರೀಖುಗಳಿರುತ್ತವೆ. 1902ರ ಎರಡು, 1910ರ ಒಂದು, ಹೀಗೆ ಮೂರು ತಾರೀಖು ಇದ್ದರೆ ಅದು 1910ರ ದಶಕದ್ದು. ಅಲಗನ್ನು ಒತ್ತಿ ಹಿಡಿಯುವ ಲಿವರ್ ಕ್ಯಾಪಿನ ತೂತು ಹುರುಳಿಕಾಳಿನ ಆಕಾರದಲ್ಲಿದ್ದರೆ 1933ರ ನಂತರದ್ದು. ಈ ವಿನ್ಯಾಸ ಅಮೆರಿಕದ ಲಿಯೊನಾರ್ಡ್ ಬೈಲಿಯದು. ಸ್ಟ್ಯಾನ್ಲಿಯವರು 1869ರಲ್ಲಿ ಅವನಿಂದ ಕೊಂಡರು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ತಯಾರಾದ ರೆಕಾರ್ಡ್ ಹತ್ತರಿಯೂ ಇದರ ಪಡಿಯಚ್ಚೇ. ಇವತ್ತು ಅಂಗಡಿಯಲ್ಲಿ ಸಿಗುವ ಹೊಸ ಕಬ್ಬಿಣದ ಹತ್ತರಿಯನ್ನು ಬಿಚ್ಚಿ ನೋಡಿದರೂ ಹೆಚ್ಚುಕಡಿಮೆ ಅದೇ.

ಬಿಚ್ಚುವುದು

ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಆಮೇಲೆ ಲಿವರ್ ಎತ್ತಿ, ಅಲಗು ತೆಗೆದು, ಕಪ್ಪೆಯ ಎರಡು ಸ್ಕ್ರೂ ಬಿಚ್ಚಿ. ಜಾಮ್ ಆಗಿದ್ದರೆ ಸೀಮೆಎಣ್ಣೆಯೋ ಹೊಲಿಗೆ ಮಿಷನ್ ಎಣ್ಣೆಯೋ ನಾಲ್ಕು ಹನಿ ಬಿಟ್ಟು ರಾತ್ರಿಯಿಡೀ ಬಿಡಿ. ಬಲ ಹಾಕಬೇಡಿ. ಸ್ಕ್ರೂಡ್ರೈವರಿನ ತುದಿ ಸ್ಕ್ರೂ ತಲೆಯ ಸೀಳಿಗೆ ಬಿಗಿಯಾಗಿ ಕೂರಬೇಕು, ಇಲ್ಲದಿದ್ದರೆ ತಲೆ ಹಾಳಾಗುತ್ತದೆ. ಅಲಗನ್ನು ಏರಿಸಿ ಇಳಿಸುವ ಹಿತ್ತಾಳೆಯ ಪುಟ್ಟ ಚಕ್ರವನ್ನು ಬಿಚ್ಚುವಾಗ ಮಾತ್ರ ಹುಷಾರು. ಅದರ ಥ್ರೆಡ್ಡು ಉಲ್ಟಾ. ಎಡಕ್ಕೆ ತಿರುಗಿಸಿ ತಿರುಗಿಸಿ ಇನ್ನಷ್ಟು ಬಿಗಿ ಮಾಡುವವರೇ ಹೆಚ್ಚು.

ತುಕ್ಕು ಬಿಡಿಸುವುದು

ಹಿತ್ತಾಳೆ ಬಿಂದಿಗೆಗೆ ಹುಣಸೆಹಣ್ಣು ತಿಕ್ಕುವುದನ್ನು ನೋಡಿ ಬೆಳೆದವರು ನಾವು. ಅದೇ ಉಪಾಯ ಇಲ್ಲೂ ನಡೆಯುತ್ತದೆ. ಹುಳಿ ತುಕ್ಕನ್ನು ಕರಗಿಸುತ್ತದೆ. ತೆಳು ತುಕ್ಕಾದರೆ ಹುಣಸೆಹಣ್ಣನ್ನು ಗೊಜ್ಜಿನ ಹದಕ್ಕೆ ಕಿವುಚಿ ಬಳಿದು, ಒಂದೆರಡು ಗಂಟೆ ಬಿಟ್ಟು, ತೆಂಗಿನ ನಾರಿನಿಂದ ತಿಕ್ಕಿ. ದಪ್ಪ ತುಕ್ಕಿಗೆ ಬಿಳಿ ವಿನೆಗರ್ ವಾಸಿ. ಪ್ಲಾಸ್ಟಿಕ್ ಟಬ್ಬಿನಲ್ಲಿ ಕಬ್ಬಿಣದ ಭಾಗಗಳು ಪೂರ್ತಿ ಮುಳುಗಬೇಕು. ಅರ್ಧ ಮುಳುಗಿದರೆ ನೀರಿನ ಮಟ್ಟದಲ್ಲಿ ಗೆರೆ ಕಚ್ಚುತ್ತದೆ. ಹಿಡಿ ಮತ್ತು ಹಿತ್ತಾಳೆ ಭಾಗ ಹೊರಗಿರಲಿ.

ಆಗಾಗ ಎತ್ತಿ ನೋಡಿ. ಒಂದು ದಿನ ದಾಟಬಾರದು. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಎಂದರೆ, ಮೊದಲ ಸಲ ನಾನು ಒಂದು ಒಳ್ಳೆಯ ಅಲಗನ್ನು ವಿನೆಗರಿನಲ್ಲಿ ಹಾಕಿ ಮಂಡ್ಯಕ್ಕೆ ಮದುವೆಗೆ ಹೋದೆ. ಮದುವೆ ಆಯಿತು, ಬೀಗರೂಟ ಆಯಿತು, ಐದನೇ ದಿನ ವಾಪಸ್ ಬಂದೆ. ತುಕ್ಕೇನೋ ಹೋಗಿತ್ತು, ಜೊತೆಗೆ ಉಕ್ಕೂ ಹೋಗಿತ್ತು. ಅಲಗಿನ ಬಾಯಿ ಗೆದ್ದಲು ತಿಂದ ಕಾಗದದ ಥರ ಆಗಿತ್ತು. ಈಗ ಅದರಲ್ಲಿ ಬಣ್ಣದ ಡಬ್ಬಿ ಮುಚ್ಚಳ ತೆಗೆಯುತ್ತೇನೆ.

ವಿನೆಗರಿನಿಂದ ತೆಗೆದ ತಕ್ಷಣ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಅದ್ದಿ, ತಿಕ್ಕಿ, ತೊಳೆಯಿರಿ. ಆಮೇಲೆ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಅಥವಾ ಹೇರ್ ಡ್ರೈಯರಿಗೆ ಹಿಡಿದು ಒಣಗಿಸಿ. ಇಲ್ಲಿ ಸೋಮಾರಿತನ ಮಾಡಿದರೆ ಕಣ್ಣೆದುರೇ ಕೇಸರಿ ಬಣ್ಣದ ಹೊಸ ತುಕ್ಕು ಏಳುತ್ತದೆ. ಒಣಗಿದ ಕೂಡಲೇ ಎಣ್ಣೆ ಸವರಿ.

ನನ್ನ ಹತ್ತರಿಯ ವಿಭೂತಿ ಗೆರೆ ಪೂರ್ತಿ ಹೋಗಲಿಲ್ಲ. ಕೆಂಪು ಹೋಗಿ ಬೂದು ಬಣ್ಣದ ಕಲೆಯಾಗಿ ಉಳಿಯಿತು. ಉಜ್ಜಿ ತೆಗೆಯಬಹುದಿತ್ತು. ಮನಸ್ಸು ಬರಲಿಲ್ಲ.

ತಳ ಸಮ ಮಾಡುವುದು

ದಪ್ಪ ಗಾಜಿನ ತುಂಡು ಅಥವಾ ಉಳಿದ ಗ್ರಾನೈಟ್ ಹಲಗೆ ಹುಡುಕಿ. ಅದರ ಮೇಲೆ 80 ನಂಬರಿನ ಉಪ್ಪುಕಾಗದ ಅಂಟಿಸಿ. ತಳಕ್ಕೆ ಪೆನ್ಸಿಲಿನಿಂದ ಅಡ್ಡಾದಿಡ್ಡಿ ಗೀಚಿ. ಅಲಗನ್ನು ಒಳಗೆ ಎಳೆದುಕೊಂಡು, ಆದರೆ ಕೆಲಸಕ್ಕೆ ಹಾಕಿದಷ್ಟೇ ಬಿಗಿಯಾಗಿಟ್ಟು, ಉಜ್ಜಿ. ಬಿಗಿ ಇಲ್ಲದಿದ್ದರೆ ಮೈ ಬಾಗುವ ರೀತಿಯೇ ಬೇರೆಯಾಗುತ್ತದೆ. ಪೆನ್ಸಿಲ್ ಗೆರೆ ಎಲ್ಲಿ ಉಳಿಯಿತೋ ಅಲ್ಲಿ ತಗ್ಗು. ಮುಂತುದಿ, ಬಾಯಿಯ ಮುಂದಿನ ಅಂಚು, ಹಿಂತುದಿ ಈ ಮೂರೂ ಒಂದೇ ಮಟ್ಟಕ್ಕೆ ಬಂದರೆ ಸಾಕು. ನಡುವೆ ಎಲ್ಲೋ ಸ್ವಲ್ಪ ತಗ್ಗಿದ್ದರೆ ಏನೂ ಆಗುವುದಿಲ್ಲ. ಕನ್ನಡಿ ಥರ ಹೊಳೆಯಬೇಕು ಎಂದು ಹಟ ಹಿಡಿದವರ ತೋಳು ನೋಯುತ್ತದೆ ಅಷ್ಟೇ.

ಅಲಗು

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದು. ಮಿಕ್ಕಿದ್ದೆಲ್ಲ ಅರ್ಧಂಬರ್ಧ ಆದರೂ ನಡೆದೀತು, ಇದು ಆಗಬಾರದು.

ಹರಿತ ಎಂದರೆ ಎರಡು ಮಟ್ಟಸ ಮೈಗಳು ಒಂದು ಗೆರೆಯಲ್ಲಿ ಕೂಡುವುದು. ಒಂದು ಮೈ ಇಳಿಜಾರು, ಇನ್ನೊಂದು ಬೆನ್ನು. ಎಲ್ಲರೂ ಇಳಿಜಾರನ್ನು ಮಸೆದು ಬೆನ್ನನ್ನು ಮರೆಯುತ್ತಾರೆ. ಬೆನ್ನಿನಲ್ಲಿ ತುಕ್ಕಿನ ಗುಂಡಿ ಇದ್ದರೆ ಆ ಗೆರೆ ಅಲ್ಲಿ ಮುರಿದಂತೆಯೇ. ಅದಕ್ಕೇ ಮೊದಲು ಬೆನ್ನು. ಇಡೀ ಅಲಗು ಬೇಡ, ಬಾಯಿಯ ಹತ್ತಿರದ ಅರ್ಧ ಇಂಚು ಸಾಕು. ಗಾಜಿನ ಮೇಲೆ 220, 400, 600, 1000 ನಂಬರಿನ ನೀರುಕಾಗದ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಒಂದಾದ ಮೇಲೆ ಒಂದು. ಹಿಂದಿನ ಕಾಗದದ ಗೀರು ಪೂರ್ತಿ ಅಳಿಯುವವರೆಗೆ ಮುಂದಿನದಕ್ಕೆ ಹೋಗಬೇಡಿ.

ಆಮೇಲೆ ಇಳಿಜಾರು. 25 ಡಿಗ್ರಿ ಬೇಕು. ಕೋನ ಅಳೆಯುವ ಸಾಧನ ಇಲ್ಲವೇ? ಅಲಗಿನ ದಪ್ಪ 2 ಮಿಲಿಮೀಟರ್ ಆದರೆ ಇಳಿಜಾರಿನ ಉದ್ದ 5 ಮಿಲಿಮೀಟರಿಗೆ ಸ್ವಲ್ಪ ಕಡಿಮೆ, 3 ಆದರೆ ಸುಮಾರು 7. ಸ್ಕೇಲ್ ಹಿಡಿದು ನೋಡಿದರೆ ಆಯಿತು. ಸಾಣೆಕಲ್ಲಿನ ಮೇಲೆ ಇಳಿಜಾರನ್ನು ಚಪ್ಪಟೆಯಾಗಿ ಕೂರಿಸಿ, ಎರಡೂ ಕೈಯ ಬೆರಳಿನಿಂದ ಒತ್ತಿ, ಕೀಲು ಆಡದಂತೆ ಮೈಯನ್ನೇ ಹಿಂದೆ ಮುಂದೆ ಓಲಾಡಿಸಿ ಮಸೆಯಿರಿ. ಸ್ವಲ್ಪ ಹೊತ್ತಿನಲ್ಲಿ ಬೆನ್ನಿನ ಕಡೆ ಬೆರಳು ಸವರಿದರೆ ತೆಳುವಾದ ಒಂದು ಎಳೆ ತಡೆಯುತ್ತದೆ. ಹರಿತದ ಅಂಚಿನ ಉದ್ದಕ್ಕೆ ಸವರಬೇಡಿ, ಒಳಗಿನಿಂದ ಹೊರಕ್ಕೆ ಸವರಿ. ಈ ಎಳೆ ಈ ತುದಿಯಿಂದ ಆ ತುದಿವರೆಗೆ ಸಿಕ್ಕಿದರೆ ಎರಡು ಮೈಗಳು ಕೂಡಿವೆ ಎಂದು ಅರ್ಥ. ಈಗ ಅಲಗನ್ನು ಒಂದಿಷ್ಟು ಎತ್ತಿ, 30 ಡಿಗ್ರಿಯಲ್ಲಿ, ನಯವಾದ ಕಲ್ಲಿನ ಮೇಲೆ ನಾಲ್ಕೈದು ಸಲ ಎಳೆಯಿರಿ. ಬೆನ್ನು ಮಲಗಿಸಿ ಒಂದು ಸಲ. ಹಳೇ ಚರ್ಮದ ಬೆಲ್ಟಿನ ಮೇಲೆ ಹಿಮ್ಮುಖವಾಗಿ ಹತ್ತು ಸಲ. ಮುಂಗೈ ಕೂದಲು ತಾನಾಗಿ ಉದುರಬೇಕು.

ಗ್ರೈಂಡರಿಗೆ ಹಿಡಿದರೆ ಬೇಗ ಆಗಲ್ವಾ ಅಂತ ಕೇಳುತ್ತೀರಿ. ಆಗುತ್ತದೆ, ಹದವೂ ಹೋಗುತ್ತದೆ. ಉಕ್ಕು ಕಾಯುತ್ತಾ ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ಆಮೇಲೆ ನೀಲಿ. ನೀಲಿ ಕಂಡಿತೆಂದರೆ 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗಿದೆ. ಆ ಜಾಗ ಮೆತ್ತಗಾಗಿ ಹರಿತ ನಿಲ್ಲುವುದಿಲ್ಲ. ಹಿಡಿಯಲೇಬೇಕಾದರೆ ಎರಡೆರಡು ಸೆಕೆಂಡಿಗೊಮ್ಮೆ ನೀರಿನಲ್ಲಿ ಅದ್ದಿ.

ಹಳೇ ಶೆಫೀಲ್ಡ್ ಉಳಿಗಳ ಮೇಲೆ ಇಂಗ್ಲಿಷಿನಲ್ಲಿ ‘ಕಾಸ್ಟ್ ಸ್ಟೀಲ್’ ಎಂದು ಮುದ್ರೆ ಇರುತ್ತದೆ. ಎರಕದ ಕಬ್ಬಿಣ ಎಂದುಕೊಂಡು ಬಿಡಬೇಡಿ, ಅದು ಮೂಸೆಯಲ್ಲಿ ಕರಗಿಸಿದ ಒಳ್ಳೆಯ ಉಕ್ಕು. ಶೆಫೀಲ್ಡಿನಲ್ಲಿ ಆ ಕೆಲಸ ಶುರುವಾದದ್ದು 1740ರ ದಶಕದಲ್ಲಿ. ದಕ್ಷಿಣ ಭಾರತದಲ್ಲಿ ಮೂಸೆಯ ಉಕ್ಕು ಅದಕ್ಕಿಂತ ಎಷ್ಟೋ ಶತಮಾನ ಹಳೆಯದು. ಯುರೋಪಿನವರು ಇದನ್ನು ‘ವೂಟ್ಸ್’ ಎಂದು ಕರೆದರು. ಆ ಮಾತು ನಮ್ಮ ‘ಉಕ್ಕು’ ಎಂಬುದರಿಂದಲೇ ಬಂತು ಎನ್ನುತ್ತಾರೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕಿನ ಕುಲುಮೆಗಳನ್ನು ನೋಡಿ ಬರೆದಿಟ್ಟಿದ್ದಾನೆ. ಮಸೆಯುವಾಗ ಬೇಜಾರಾದರೆ ಇದನ್ನು ನೆನೆಸಿಕೊಳ್ಳಿ, ಕೈ ತಾನಾಗಿ ಓಡುತ್ತದೆ.

ಹಿಡಿ

ಹಳೇ ಸ್ಟ್ಯಾನ್ಲಿಯ ಹಿಡಿ ಬೀಟೆಯ ಜಾತಿಯ ಬ್ರೆಜಿಲ್ ಮರದ್ದು. ಮೈಸೂರಿನವರಿಗೆ ಬೀಟೆಯ ಬಗ್ಗೆ ಹೇಳಬೇಕೇ? ಅರಮನೆಯ ಅಂಬಾವಿಲಾಸದಲ್ಲಿ ದಂತದ ಕುಸುರಿ ಇರುವ ಬೀಟೆಯ ಬಾಗಿಲನ್ನು ನೋಡೇ ಇರುತ್ತೀರಿ. ಅರಮನೆ ಮುಗಿದದ್ದು 1912ರಲ್ಲಿ. ಇಂಥದ್ದೇ ಉಳಿ, ಗರಗಸ, ಹತ್ತರಿ ಹಿಡಿದ ಕೈಗಳ ಕೆಲಸ ಅದು. ಹಿಡಿಯ ಮೇಲೆ ಬಳಿದ ಪೇಂಟನ್ನು ಗಾಜಿನ ಚೂರಿನಿಂದ ನಿಧಾನ ಕೆರೆದರೆ ಒಳಗೆ ಆ ಕಪ್ಪುಗೆಂಪು ಗೀಟು ಕಾಣುತ್ತದೆ. ಉಜ್ಜಿ ಹೊಸದು ಮಾಡಬೇಡಿ. ಹೆಬ್ಬೆರಳು ಕೂತು ಕೂತು ಸವೆದ ಗುಳಿಯೊಂದು ಇರುತ್ತದೆ. ನಿಮ್ಮ ಹೆಬ್ಬೆರಳೂ ಹೋಗಿ ಅಲ್ಲೇ ಕೂರುತ್ತದೆ.

ಅಗಸೆ ಎಣ್ಣೆ ಎರಡು ಸಲ ತೆಳುವಾಗಿ ಸವರಿ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದುರಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಆರುವಾಗ ಬಿಸಿಯಾಗುತ್ತದೆ, ಮುದ್ದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ತಂತಿಯ ಮೇಲೆ ಬಿಡಿಸಿ ಒಣಹಾಕಿ.

ಕೂರಿಸಿ ಕೀಸುವುದು

ಅಲಗಿನ ಮೇಲೆ ಕೂರುವ ಎರಡನೇ ತಗಡು ಅಲಗಿನ ಹರಿತದ ಅಂಚಿನಿಂದ ಒಂದು ಮಿಲಿಮೀಟರ್ ಹಿಂದಿರಲಿ. ಎರಡರ ನಡುವೆ ಬೆಳಕು ಕಾಣಬಾರದು. ಕಂಡರೆ ಅಲ್ಲಿ ಸಿಪ್ಪೆ ಸಿಕ್ಕಿಕೊಂಡು ಬಾಯಿ ಕಟ್ಟುತ್ತದೆ. ಹತ್ತರಿಯನ್ನು ಮಗುಚಿ ತಳದ ಉದ್ದಕ್ಕೆ ಒಂದು ಕಣ್ಣಿಟ್ಟು ನೋಡಿ. ಅಲಗು ಕೂದಲೆಳೆಯಷ್ಟು ಮಾತ್ರ ಕಾಣಲಿ, ಎರಡೂ ಕಡೆ ಸಮ ಇರಲಿ. ನಿಮ್ಮದು ಮರದ ಹತ್ತರಿಯಾದರೆ ಚಕ್ರ ಇರುವುದಿಲ್ಲ, ಬೆಣೆ ಇರುತ್ತದೆ. ಅಲಗಿನ ತಲೆಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಇಳಿಯುತ್ತದೆ, ಹತ್ತರಿಯ ಹಿಂಬದಿಗೆ ತಟ್ಟಿದರೆ ಮೇಲೇಳುತ್ತದೆ.

ಕಲಿಯಲು ಸಿಲ್ವರ್ ಓಕ್ ತುಂಡು ತಗೊಳ್ಳಿ. ತೇಗ ಬೇಡ. ಅದರಲ್ಲಿ ಸಿಲಿಕಾ ಇರುತ್ತದೆ, ಅಲಗು ಬೇಗ ಮೊಂಡಾಗುತ್ತದೆ. ಪಕ್ಕದಿಂದ ನೋಡಿ ಎಳೆ ಯಾವ ಕಡೆ ಏರುತ್ತದೋ ಆ ಕಡೆಗೆ ತಳ್ಳಿ. ಶುರುವಿನಲ್ಲಿ ಮುಂದಿನ ಕೈಯ ಭಾರ, ಕೊನೆಯಲ್ಲಿ ಹಿಂದಿನ ಕೈಯ ಭಾರ. ಮೊದಲು ಬರೀ ಪುಡಿ ಬರುತ್ತದೆ. ಚಕ್ರವನ್ನು ಒಂದಿಷ್ಟೇ ತಿರುಗಿಸಿ. ಮತ್ತೆ ತಳ್ಳಿ. ಯಾವುದೋ ಒಂದು ತಳ್ಳಿಗೆ ಸದ್ದು ಬದಲಾಗುತ್ತದೆ. ಕರಕರ ಹೋಗಿ, ರೇಷ್ಮೆ ಸೀರೆ ಬಿಚ್ಚಿದಾಗ ಬರುವಂಥ ಸದ್ದು. ಬಾಯಿಯಿಂದ ಉದ್ದನೆಯ ಸುರುಳಿ ಏಳುತ್ತದೆ. ಕೈಗೆತ್ತಿ ಪೇಪರಿನ ಮೇಲಿಟ್ಟರೆ ಕೆಳಗಿನ ಅಕ್ಷರ ಕಾಣುತ್ತದೆ.

ಉಳಿಗೂ ಇದೇ ಪಾಠ, ಬೆನ್ನು ಮೊದಲು. ಗರಗಸದ ಹಲ್ಲು ಮಸೆಯುವುದು ಬೇರೆಯೇ ವಿದ್ಯೆ. ಮೂರು ಮೂಲೆಯ ಅರ ಹಿಡಿದ ಹಳಬರು ನಿಮ್ಮ ಬೀದಿಯಲ್ಲಿ ಇನ್ನೂ ಇದ್ದರೆ ಅವರ ಪಕ್ಕ ಒಂದು ಮಧ್ಯಾಹ್ನ ಕೂತು ಕಲಿಯಿರಿ.

ಕೆಲಸ ಮುಗಿದ ಮೇಲೆ ತಳಕ್ಕೆ ಒಂದು ಹನಿ ಎಣ್ಣೆ ಸವರಿ, ಹತ್ತರಿಯನ್ನು ಮರದ ಮೇಲಿಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಿ. ಆಯುಧಪೂಜೆಯ ದಿನ ಪೂಜೆ ಮಾಡಿ, ನಾನೂ ಮಾಡುತ್ತೇನೆ. ಕುಂಕುಮವನ್ನು ಮಾತ್ರ ಹಿಡಿಯ ಮರಕ್ಕಿಡಿ, ಕಬ್ಬಿಣಕ್ಕೆ ಬೇಡ. ನಿಂಬೆಹಣ್ಣನ್ನೂ ಸ್ವಲ್ಪ ದೂರ ಹೆಚ್ಚಿ.