ಜಿಎಂ ಇರಬೇಕೋ ಹೋಗಬೇಕೋ: ಎನ್‌ಬಿಎ ತಂಡದ ಖಾತೆ ತೆಗೆದು ನೋಡುವ ಬಗೆ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡದಲ್ಲಿ ಕೋಚ್ ಕೆಲಸ ಇವತ್ತಿನ ಪಂದ್ಯದ್ದು, ಆಟಗಾರರನ್ನು ಆರಿಸಿ ತಂಡ ಕಟ್ಟುವ ಜನರಲ್ ಮ್ಯಾನೇಜರ್ (ಜಿಎಂ) ಕೆಲಸ ಮುಂದಿನ ಏಳು ವರ್ಷದ್ದು. ಡ್ರಾಫ್ಟ್ ಪಿಕ್‌ಗಳನ್ನು, ಅಂದರೆ ಪ್ರತಿ ವರ್ಷ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಹಕ್ಕುಗಳನ್ನು (ಹೆಚ್ಚು ಸೋತ ತಂಡಗಳ ಸರದಿ ಮೊದಲು), ಏಳು ವರ್ಷ ಮುಂಚೆಯೇ ಮಾರಬಹುದು. ಹಾಗಾಗಿ ಈಗಿನ ಜಿಎಂ ಮಾಡಿದ ಸಾಲವನ್ನು ಅವರ ನಂತರ ಬರುವವರೂ ತೀರಿಸುತ್ತಿರುತ್ತಾರೆ. ಸೋಲು ಗೆಲುವಿನ ಪಟ್ಟಿಯೊಂದನ್ನೇ ಹಿಡಿದು ಜಿಎಂ ತಲೆದಂಡ ಕೇಳುವುದು ತಪ್ಪು, ಅದನ್ನೇ ತೋರಿಸಿ ಉಳಿಸಿಕೊಳ್ಳುವುದೂ ತಪ್ಪು. ಡಲ್ಲಾಸ್ ಮ್ಯಾವರಿಕ್ಸ್‌ನಲ್ಲಿ 2021ರ ಜೂನ್‌ನಿಂದ 2025ರ ನವೆಂಬರ್‌ವರೆಗೆ ಜಿಎಂ ಆಗಿದ್ದ ನಿಕೊ ಹ್ಯಾರಿಸನ್ ಅವರ ಅವಧಿಯಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ, ಅದೃಷ್ಟವೂ ಇದೆ. ಲೆಕ್ಕ ಕಲಿಯಲು ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೊದಲು: ನಿರ್ಧಾರ ಯಾರದ್ದು?

ಜಿಎಂ ಎಂಬ ಹೆಸರಿದ್ದ ಮಾತ್ರಕ್ಕೆ ಅಧಿಕಾರ ಅವರದ್ದೇ ಎಂದುಕೊಳ್ಳಬೇಡಿ. ಎಷ್ಟೋ ತಂಡಗಳಲ್ಲಿ ಅವರ ಮೇಲೆ ‘ಪ್ರೆಸಿಡೆಂಟ್ ಆಫ್ ಬ್ಯಾಸ್ಕೆಟ್‌ಬಾಲ್ ಆಪರೇಷನ್ಸ್’ ಇರುತ್ತಾರೆ. ದೊಡ್ಡ ಟ್ರೇಡ್‌ಗೆ (ತಂಡಗಳ ನಡುವೆ ಆಟಗಾರರ, ಪಿಕ್‌ಗಳ ವಿನಿಮಯಕ್ಕೆ) ಮಾಲೀಕರ ಒಪ್ಪಿಗೆ ಬೇಕೇ ಬೇಕು. ಡಲ್ಲಾಸ್‌ನಲ್ಲಿ 2023ರ ಡಿಸೆಂಬರ್‌ನಲ್ಲಿ ಮಾಲೀಕ ಮಾರ್ಕ್ ಕ್ಯೂಬನ್ ಹೆಚ್ಚಿನ ಪಾಲು ಮಾರಿ, ಪ್ಯಾಟ್ರಿಕ್ ಡ್ಯೂಮಾಂಟ್ ಬಂದರು. ತಂಡದ ಮುಖ್ಯ ಆಟಗಾರ ಲೂಕಾ ಡಾನ್ಚಿಚ್‌ರನ್ನು 2025ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್ ಲೇಕರ್ಸ್‌ಗೆ ಕೊಟ್ಟ ಟ್ರೇಡ್ ನಡೆದದ್ದು ಹೊಸ ಮಾಲೀಕರ ಒಪ್ಪಿಗೆಯಿಂದ. ಪ್ರತಿ ನಿರ್ಧಾರದ ಪಕ್ಕದಲ್ಲಿ ಪ್ರಸ್ತಾಪ ಯಾರದ್ದು, ಒಪ್ಪಿಗೆ ಯಾರದ್ದು ಎಂದು ಬರೆದಿಡಿ. ದೋಷ ಮಾಲೀಕರ ಕುರ್ಚಿಯಲ್ಲಿದ್ದರೆ ಜಿಎಂ ಬದಲಾದರೂ ಅದು ಅಲ್ಲೇ ಉಳಿಯುತ್ತದೆ.

ಖಾತೆ ಬರೆಯುವುದು

ಒಂದು ದೊಡ್ಡ ಹಾಳೆ ತೆಗೆದುಕೊಂಡು ಐದು ಕಾಲಂ ಹಾಕಿ: ದಿನಾಂಕ, ಕೊಟ್ಟದ್ದು, ಪಡೆದದ್ದು, ಆ ದಿನ ಗೊತ್ತಿದ್ದ ಸಂಗತಿ, ಆ ದಿನ ಇದ್ದ ಬೇರೆ ದಾರಿ. ಫಲಿತಾಂಶದ ಕಾಲಂ ಈಗಲೇ ಬೇಡ. ಅದು ಕಣ್ಣೆದುರಿದ್ದರೆ ಉಳಿದ ಐದೂ ಅದರ ಬಣ್ಣಕ್ಕೆ ತಿರುಗುತ್ತವೆ. ಪ್ರತಿ ಸಾಲಿಗೂ ಅಂಕ ಕೊಟ್ಟು ಮುಗಿಸಿದ ಮೇಲಷ್ಟೇ ಏನಾಯಿತು ಎಂದು ಬರೆಯಿರಿ.

ಡಾನ್ಚಿಚ್ ಟ್ರೇಡ್ ಅನ್ನು ಹೀಗೆ ತುಂಬಿ ನೋಡಿ. ಮುಖ್ಯವಾಗಿ ಕೊಟ್ಟದ್ದು 25 ವರ್ಷದ, ಸತತ ಐದು ಸಲ ಆಲ್-ಎನ್‌ಬಿಎ ಮೊದಲ ತಂಡದಲ್ಲಿದ್ದ (ಲೀಗ್‌ನ ವರ್ಷದ ಅತ್ಯುತ್ತಮ ಐವರಲ್ಲಿ ಒಬ್ಬನಾಗಿದ್ದ) ಆಟಗಾರ. ಪಡೆದದ್ದು 32ರ ಹೊಸ್ತಿಲಲ್ಲಿದ್ದ ಆಂಟನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ, ಲೇಕರ್ಸ್‌ನ 2029ರ ಮೊದಲ ಸುತ್ತಿನ ಒಂದು ಪಿಕ್. ಇದಕ್ಕೂ ಮೊದಲು, 2024ರಲ್ಲಿ, ಒಮ್ಮೆಯೂ ಆಲ್‌ಸ್ಟಾರ್ ಆಗದ ಮಿಕಾಲ್ ಬ್ರಿಡ್ಜಸ್‌ಗಾಗಿ ನ್ಯೂಯಾರ್ಕ್ ನಿಕ್ಸ್ ಮೊದಲ ಸುತ್ತಿನ ಐದು ಪಿಕ್ ಕೊಟ್ಟಿತ್ತು. ಆ ದಿನದ ಮಾರುಕಟ್ಟೆ ದರ ಅಂಥದ್ದು. ಮಾತುಕತೆ ಗುಟ್ಟಾಗಿ ನಡೆದದ್ದರಿಂದ ಬೇರೆ ತಂಡಗಳಿಗೆ ಬೆಲೆ ಹೇಳುವ ಅವಕಾಶವೇ ಸಿಗಲಿಲ್ಲ. ತಪ್ಪು ಇರುವುದು ಇಲ್ಲಿ. ಡೇವಿಸ್ ಡಲ್ಲಾಸ್ ಪರ ಆಡಿದ ಮೊದಲ ಪಂದ್ಯದಲ್ಲೇ ಗಾಯಗೊಳ್ಳದಿದ್ದರೂ ಈ ಸಾಲಿಗೆ ಕಡಿಮೆ ಅಂಕವೇ ಬರುತ್ತಿತ್ತು.

ಗಾಯಗಳಲ್ಲೂ ವ್ಯತ್ಯಾಸ ಮಾಡಿ. ಡೇವಿಸ್‌ಗೆ ಹಿಂದೆ ಎಷ್ಟು ಗಾಯಗಳಾಗಿದ್ದವು ಎಂಬುದು ಎಲ್ಲರಿಗೂ ಗೊತ್ತಿತ್ತು, ಆ ಅಪಾಯವನ್ನು ಜಿಎಂ ಖಾತೆಗೆ ಬರೆಯಿರಿ. 2025ರ ಮಾರ್ಚ್‌ನಲ್ಲಿ ಕೈರಿ ಅರ್ವಿಂಗ್ ಮಂಡಿಯ ಎಸಿಎಲ್ ಅಸ್ಥಿರಜ್ಜು ಹರಿದದ್ದನ್ನು ಬರೆಯಬೇಡಿ.

ಒಳ್ಳೆಯ ಸಾಲುಗಳನ್ನೂ ಇಷ್ಟೇ ಕಾಳಜಿಯಿಂದ ತುಂಬಬೇಕು. 2023ರ ಡ್ರಾಫ್ಟ್‌ನಲ್ಲಿ 10ರಿಂದ 12ನೇ ಸ್ಥಾನಕ್ಕೆ ಇಳಿದೂ ಡೆರೆಕ್ ಲೈವ್ಲಿ ಸಿಕ್ಕರು. 2024ರ ಫೆಬ್ರವರಿಯಲ್ಲಿ ಪಿ.ಜೆ. ವಾಷಿಂಗ್ಟನ್, ಡ್ಯಾನಿಯಲ್ ಗ್ಯಾಫರ್ಡ್ ಬಂದರು, ಅದೇ ವರ್ಷ ತಂಡ ಫೈನಲ್ ತಲುಪಿತು. ಇದು ಕೈಚಳಕ. 2022ರಲ್ಲಿ ಜೇಲನ್ ಬ್ರನ್ಸನ್ ಫ್ರೀ ಏಜೆಂಟ್ ಆಗಿ (ಒಪ್ಪಂದ ಮುಗಿದು ಸ್ವತಂತ್ರನಾಗಿ) ಹೋದಾಗ ಬದಲಿಗೆ ಏನೂ ಬರಲಿಲ್ಲ. ಅದು ನಷ್ಟದ ಸಾಲು.

ಕೂಪರ್ ಫ್ಲ್ಯಾಗ್ ಸಿಕ್ಕದ್ದು? ಡ್ರಾಫ್ಟ್‌ನ ಮೊದಲ ಸರದಿ ಯಾರದ್ದೆಂದು ಚೆಂಡು ಎತ್ತಿ ನಿರ್ಧರಿಸುವ 2025ರ ಲಾಟರಿಯಲ್ಲಿ ಡಲ್ಲಾಸ್‌ಗೆ ಮೊದಲ ಪಿಕ್ ಬರುವ ಸಾಧ್ಯತೆ 1.8% ಮಾತ್ರ ಇತ್ತು. ಚೆಂಡು ಹಾರಿತು, ಬಂತು. ಜಿಎಂ ಖಾತೆಗೆ ಸೊನ್ನೆ.

ಪಿಕ್ ಸಾಲದ ಪಟ್ಟಿ

ಹೆಚ್ಚಿನವರು ಬಿಡುವ ಹೆಜ್ಜೆ ಇದೇ. ಮುಂದಿನ ಏಳು ವರ್ಷವನ್ನು ಒಂದರ ಕೆಳಗೊಂದು ಬರೆದು, ಪ್ರತಿ ವರ್ಷದ ಮೊದಲ ಸುತ್ತಿನ ಸ್ವಂತ ಪಿಕ್ ಯಾರ ಕೈಯಲ್ಲಿದೆ ನೋಡಿ. ಹ್ಯಾರಿಸನ್ ಹೋದ ದಿನ ಡಲ್ಲಾಸ್ ಪಟ್ಟಿಯ ಒಂದು ತುಂಡು ಹೀಗಿತ್ತು:

2027: ಪಿ.ಜೆ. ವಾಷಿಂಗ್ಟನ್ ಟ್ರೇಡ್‌ನಲ್ಲಿ ಷಾರ್ಲಟ್‌ಗೆ (ಮೊದಲ ಎರಡು ಸ್ಥಾನಕ್ಕೆ ಮಾತ್ರ ರಕ್ಷಣೆ, ಅಂದರೆ ಅಲ್ಲಿ ಬಂದರೆ ಡಲ್ಲಾಸ್‌ಗೇ ಉಳಿಯುತ್ತದೆ)
2028: ಒಕ್ಲಹೋಮಾ ಸಿಟಿಗೆ ಅದಲುಬದಲಿನ ಹಕ್ಕು (ತನ್ನ ಪಿಕ್‌ಗಿಂತ ಡಲ್ಲಾಸ್‌ನದು ಮೇಲಿದ್ದರೆ ಬದಲಿಸಿಕೊಳ್ಳಬಹುದು)
2029: ಅರ್ವಿಂಗ್‌ರನ್ನು ತಂದ ಟ್ರೇಡ್‌ನಲ್ಲಿ ಹೋಯಿತು
2030: ಸ್ಯಾನ್ ಆಂಟೋನಿಯೊಗೆ ಅದಲುಬದಲಿನ ಹಕ್ಕು

ಒಂದು ವರ್ಷ ಕೊಟ್ಟು, ಒಂದು ವರ್ಷ ಅದಲುಬದಲು ಬರೆದುಕೊಡುವ ಈ ಹೆಣಿಗೆಗೆ ಕಾರಣ ಸ್ಟೆಪಿಯನ್ ನಿಯಮ. ಮುಂಬರುವ ಸತತ ಎರಡು ವರ್ಷ ಮೊದಲ ಸುತ್ತಿನ ಪಿಕ್ಕೇ ಇಲ್ಲದಂತೆ ಮಾರುವ ಹಾಗಿಲ್ಲ, ಅದಲುಬದಲಾದರೆ ನಡೆಯುತ್ತದೆ. ನಿಯಮ ಮುರಿಯಲಿಲ್ಲ, ಆದರೆ ನಾಲ್ಕು ವರ್ಷ ಸೋತರೂ ಸೋಲಿನ ಪೂರ್ತಿ ಫಲ ಇವರಿಗಿಲ್ಲ. ಡಾನ್ಚಿಚ್ ಇದ್ದಾಗ ಈ ಪಟ್ಟಿಗೆ ಅರ್ಥವಿತ್ತು, ಅಂಥ ಆಟಗಾರನಿರುವ ತಂಡದ ಪಿಕ್ ಬಹುತೇಕ 20ರ ಆಚೆಯೇ ಬರುತ್ತದೆ. ಅವರನ್ನು ಕಳಿಸಿದ ದಿನವೇ ಇದೇ ಪಟ್ಟಿ ಸಾಲವಾಯಿತು. ಡಾನ್ಚಿಚ್ ಟ್ರೇಡ್‌ನ ಸಾಲನ್ನೂ ಪಿಕ್ ಪಟ್ಟಿಯನ್ನೂ ಬೇರೆ ಬೇರೆ ಓದಿದರೆ ಇದು ಕಾಣುವುದಿಲ್ಲ.

ಇಂಥ ಸಾಲ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆ: ಬ್ರೂಕ್ಲಿನ್ ನೆಟ್ಸ್ 2013ರಲ್ಲಿ ಕೆವಿನ್ ಗಾರ್ನೆಟ್, ಪಾಲ್ ಪಿಯರ್ಸ್‌ಗಾಗಿ 2014, 2016, 2018ರ ಪಿಕ್ ಮತ್ತು 2017ರ ಅದಲುಬದಲಿನ ಹಕ್ಕನ್ನು ಬಾಸ್ಟನ್‌ಗೆ ಕೊಟ್ಟಿತ್ತು. ಜೇಲನ್ ಬ್ರೌನ್, ಜೇಸನ್ ಟೇಟಮ್ ಇಬ್ಬರೂ ಬಾಸ್ಟನ್‌ಗೆ ಬಂದದ್ದು ಆ ದಾರಿಯಿಂದ.

ದುಡ್ಡಿನ ಗೆರೆಗಳು

2025-26ರಲ್ಲಿ ಸ್ಯಾಲರಿ ಕ್ಯಾಪ್ (ತಂಡದ ಒಟ್ಟು ಸಂಬಳದ ಮೂಲ ಮಿತಿ) ಸುಮಾರು 15.46 ಕೋಟಿ ಡಾಲರ್, ಲಕ್ಷುರಿ ಟ್ಯಾಕ್ಸ್ ಗೆರೆ (ದಾಟಿದರೆ ತೆರಿಗೆ) 18.79 ಕೋಟಿ, ಎರಡನೇ ಏಪ್ರನ್ (ದಾಟಿದರೆ ಕಠಿಣ ನಿರ್ಬಂಧ) 20.78 ಕೋಟಿ. ಕೊನೆಯ ಗೆರೆ ದಾಟಿದರೆ ಇಬ್ಬರು ಆಟಗಾರರ ಸಂಬಳ ಕೂಡಿಸಿ ದೊಡ್ಡ ಆಟಗಾರನೊಬ್ಬನನ್ನು ತರುವಂತಿಲ್ಲ, ಟ್ರೇಡ್‌ನಲ್ಲಿ ನಗದು ಕೊಡುವಂತಿಲ್ಲ, ಏಳು ವರ್ಷ ಆಚೆಯ ಪಿಕ್ ಮಾರುವಂತಿಲ್ಲ. ದಾಟಿದ್ದೇ ತಪ್ಪಲ್ಲ. ಪ್ರಶಸ್ತಿಗೆ ಹತ್ತಿರವಿರುವ ತಂಡ ದಾಟಲಿ. ಮಧ್ಯಮ ತಂಡ ದಾಟಿದ್ದರೆ ಜಿಎಂ ಬಾಗಿಲು ಹಾಕಿ ಕೀಲಿ ಎಸೆದಂತೆ.

ಫಲಿತಾಂಶದ ಸರದಿ

ಈಗ ಗೆಲುವುಗಳನ್ನು ನೋಡಿ, ಆದರೆ ಪಂದ್ಯಕ್ಕೆ ಸರಾಸರಿ ಪಾಯಿಂಟ್ ಅಂತರದ ಜೊತೆಗೆ. ಅಂದಾಜು ಸೂತ್ರ: 41 + (ಅಂತರ × 2.7). ಅಂತರ +3 ಇದ್ದರೆ 82 ಪಂದ್ಯಗಳಲ್ಲಿ ಸುಮಾರು 49 ಗೆಲುವು ಬರಬೇಕು. 42 ಮಾತ್ರ ಬಂದಿದ್ದರೆ ತಂಡ ಕಟ್ಟಿದ್ದು ಸರಿಯಿದೆ, ಬಿಗಿ ಪಂದ್ಯಗಳು ಕೈಕೊಟ್ಟಿವೆ. ತೀರಾ ಮೇಲಿನ, ತೀರಾ ಕೆಳಗಿನ ತಂಡಗಳಿಗೆ ಈ ಸೂತ್ರ ಅಷ್ಟು ಹೊಂದುವುದಿಲ್ಲ.

ಬೇಕೆಂದೇ ಸೋಲುವ ಪುನರ್ನಿರ್ಮಾಣದ ವರ್ಷಗಳಿಗೆ ಈ ಹೆಜ್ಜೆಯೇ ಅನ್ವಯಿಸದು. ಒಕ್ಲಹೋಮಾ ಸಿಟಿ ಜಿಎಂ ಸ್ಯಾಮ್ ಪ್ರೆಸ್ಟಿ 2019ರಲ್ಲಿ ಪಾಲ್ ಜಾರ್ಜ್‌ರನ್ನು ಕೊಟ್ಟು ಶೇ ಗಿಲ್ಜಸ್-ಅಲೆಕ್ಸಾಂಡರ್ ಮತ್ತು ಪಿಕ್‌ಗಳ ರಾಶಿ ತಂದರು. ಒಕ್ಲಹೋಮಾ ಸಿಟಿ 2020-21ರಲ್ಲಿ 22, ಮರುವರ್ಷ 24 ಪಂದ್ಯ ಗೆದ್ದಿತು. ಮಾಲೀಕರು ಕದಲಲಿಲ್ಲ. ಆ ರಾಶಿಯ ಒಂದು ಪಿಕ್ 2022ರಲ್ಲಿ 12ನೇ ಸ್ಥಾನದಲ್ಲಿ ಜೇಲನ್ ವಿಲಿಯಮ್ಸ್ ಆಯಿತು, 2024-25ರಲ್ಲಿ 68 ಗೆಲುವು ಮತ್ತು ಪ್ರಶಸ್ತಿ. ಫಿಲಡೆಲ್ಫಿಯಾದ ಸ್ಯಾಮ್ ಹಿಂಕಿ ಮಾತ್ರ 47-195ರ (47 ಗೆಲುವು, 195 ಸೋಲು) ದಾಖಲೆಯೊಂದಿಗೆ 2016ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟರು, ಅವರು 2014ರಲ್ಲಿ ಆರಿಸಿದ ಜೋಯಲ್ ಎಂಬೀಡ್ ಇನ್ನೂ ಒಂದು ಪಂದ್ಯವನ್ನೂ ಆಡಿರಲಿಲ್ಲ. ಪುನರ್ನಿರ್ಮಾಣಕ್ಕೆ ಕೈ ಹಾಕುವ ಮೊದಲೇ ಎಷ್ಟು ವರ್ಷ ಎಂದು ಮಾಲೀಕರೊಂದಿಗೆ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಿ. ಆ ಅವಧಿಯೊಳಗೆ ಗೆಲುವಿನ ಸಂಖ್ಯೆ ನೋಡಿ ಕಳಿಸಬೇಡಿ.

ತೀರ್ಪು ಮತ್ತು ಸಮಯ

ವಿಧಾನ ಸರಿಯಿದ್ದು ಫಲ ಕೆಟ್ಟಿದ್ದರೆ ಉಳಿಸಿಕೊಳ್ಳಿ. ಒಂದೇ ಬಗೆಯ ವಿಧಾನ ದೋಷ ಎರಡು ದೊಡ್ಡ ನಿರ್ಧಾರಗಳಲ್ಲಿ ಕಂಡರೆ, ತಂಡ ಗೆಲ್ಲುತ್ತಿದ್ದರೂ ಕಳಿಸಿ. ಒಪ್ಪಂದದಲ್ಲಿರುವ, ಲೀಗ್‌ನ ಮೊದಲ ಐವರಲ್ಲಿ ಒಬ್ಬನಾದ ಆಟಗಾರನನ್ನು ಮಾರುಕಟ್ಟೆ ವಿಚಾರಿಸದೆ ಬಿಟ್ಟುಕೊಟ್ಟರೆ ಎರಡನೇ ದೋಷಕ್ಕೆ ಕಾಯಬೇಕಿಲ್ಲ.

ಕಳಿಸುವ ಕಾಲ ಏಪ್ರಿಲ್ ಮಧ್ಯ, ತಂಡದ ಕೊನೆಯ ಪಂದ್ಯ ಮುಗಿದ ವಾರ. ಜೂನ್ ಕೊನೆಗೆ ಡ್ರಾಫ್ಟ್, ಅದರ ಬೆನ್ನಿಗೇ ಫ್ರೀ ಏಜೆನ್ಸಿ. ಹೊಸಬರಿಗೆ ಎರಡು ತಿಂಗಳಾದರೂ ಸಿಗಬೇಕು. ಡಲ್ಲಾಸ್ ತೀರ್ಮಾನಿಸಿದ್ದು 2025ರ ನವೆಂಬರ್ 11ರಂದು, 3-8ರಲ್ಲಿದ್ದಾಗ. ಏಪ್ರಿಲ್‌ನಲ್ಲೇ ಕೈಯಲ್ಲಿದ್ದ ಖಾತೆಯನ್ನೇ ಏಳು ತಿಂಗಳು ತಡವಾಗಿ ಓದಿ, ಇಬ್ಬರು ಹಂಗಾಮಿಗಳನ್ನು ಕೂರಿಸಬೇಕಾಯಿತು. ಹಂಗಾಮಿ ಇರುವಾಗ ಏಜೆಂಟರು ದೀರ್ಘಕಾಲದ ಮಾತು ಆಡುವುದಿಲ್ಲ, ಬೇರೆ ತಂಡಗಳು ಕಡಿಮೆ ಬೆಲೆ ಹೇಳಿ ನೋಡುತ್ತವೆ. ಅನಿವಾರ್ಯವಾಗಿ ಋತುವಿನ ನಡುವೆಯೇ ಕಳಿಸಬೇಕಾದರೆ, ಮೊದಲ ಸುತ್ತಿನ ಯಾವ ಪಿಕ್ಕೂ ಹಂಗಾಮಿಯ ಸಹಿಯಿಂದ ಹೊರಹೋಗಬಾರದು ಎಂದು ಅದೇ ದಿನ ಬರೆದುಕೊಡಿ, ಸ್ಕೌಟ್‌ಗಳ ವರದಿ, ವೈದ್ಯಕೀಯ ಕಡತ ಮತ್ತು ಪಿಕ್ ಪಟ್ಟಿಯನ್ನು ಸಂಜೆಯೊಳಗೆ ವಶಕ್ಕೆ ತೆಗೆದುಕೊಳ್ಳಿ.