ಬೆಳಗ್ಗೆ ಆರಕ್ಕೆ ಕಾಫಿ ದರ

ವಿರಾಜಪೇಟೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಜಾಸ್ತಿ ರೋಬಸ್ಟಾ ಜಾತಿಯ ಕಾಫಿ, ನೆರಳಿನ ಮರಗಳಿಗೆ ಮೆಣಸಿನ ಬಳ್ಳಿ. ಕೊಯ್ಲಿನ ತಿಂಗಳುಗಳಲ್ಲಿ ದಿನ ಬೆಳಗಾದರೆ ದರ ಎಷ್ಟು ಅನ್ನೋದೇ ಚಿಂತೆ. ನಾಲ್ಕು ಕಡೆ ಹುಡುಕುವಷ್ಟರಲ್ಲಿ ಕೆಲಸದವರು ಬಂದು ನಿಂತಿರುತ್ತಾರೆ. ಅದಕ್ಕೇ ಈ ಕೆಲಸವನ್ನು ಎಐ ಸಹಾಯಕನಿಗೆ ವಹಿಸಿದೆ.

ಮೊದಲು ಮನೆಯ ಕಂಪ್ಯೂಟರಿನಲ್ಲೇ ಟೈಮರ್ ಇಟ್ಟಿದ್ದೆ. ಜುಲೈ ಮಳೆಗೆ ಮರ ಬಿದ್ದು ಕರೆಂಟ್ ಹೋಯಿತು, ಕೆಲಸವೂ ನಿಂತಿತು. ಆಮೇಲೆ ಸರ್ವರ್‌ನಲ್ಲೇ ನಡೆಯುವ, ಹೇಳಿದ ಹೊತ್ತಿಗೆ ತಾನಾಗಿ ಶುರುವಾಗುವ ಶೆಡ್ಯೂಲ್ಡ್ ಟಾಸ್ಕ್‌ಗೆ ಬದಲಾಯಿಸಿದೆ. ಮನೆಯಲ್ಲಿ ಕರೆಂಟ್ ಇರಲಿ ಬಿಡಲಿ, ಅದು ಓಡುತ್ತದೆ. ನೆಟ್‌ವರ್ಕ್ ಬಂದಾಗ ಮೆಸೇಜ್ ಕಾದಿರುತ್ತದೆ.

ಬೆಳಗ್ಗೆ 6 ಅಂತ ಹಾಕಿದರೆ ಮೊದಲ ದಿನ ಬಂದದ್ದು 11:30ಕ್ಕೆ. ಸರ್ವರ್ ಯುಟಿಸಿ, ಅಂದರೆ ಅಂತರರಾಷ್ಟ್ರೀಯ ಸಮಯದ ಗಡಿಯಾರ ನೋಡುತ್ತಿತ್ತು. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. 00:30 ಅಂತ ತಿದ್ದಿದ ಮೇಲೆ ಸರಿಯಾಯಿತು.

ನಿಜವಾದ ಕೆಲಸ ಇದ್ದದ್ದು ಸೂಚನೆ ಬರೆಯುವುದರಲ್ಲಿ. 'ಇವತ್ತಿನ ಕಾಫಿ ದರ ಹೇಳು' ಅಂತ ಮಾತ್ರ ಬರೆದಿದ್ದೆ. ಒಂದು ದಿನ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ದರ ಕೊಟ್ಟಿತು, ಮರುದಿನ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ದರ. ಲಂಡನ್ ಮಾರುಕಟ್ಟೆಯಲ್ಲಿ ರೋಬಸ್ಟಾ ದರ ಟನ್ನಿಗೆ ಡಾಲರ್ ಲೆಕ್ಕ, ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಇನ್ನೊಂದು ಜಾತಿಯಾದ ಅರೇಬಿಕಾ ಪೌಂಡ್ ತೂಕಕ್ಕೆ ಸೆಂಟ್ ಲೆಕ್ಕ. ಎರಡನ್ನೂ ಕಲಸಿ ರೂಪಾಯಿ ಮಾಡಿಬಿಟ್ಟಿತ್ತು. ಅದನ್ನು ನಂಬಿ ಮೂಟೆ ಕೊಟ್ಟಿದ್ದರೆ ನಷ್ಟ ನನ್ನದೇ, ಅಲ್ವಾ? ಸೋಮವಾರವಂತೂ ಶುಕ್ರವಾರದ ಅಂಕಿಯನ್ನೇ ತಂದು 'ಮಾರುಕಟ್ಟೆ ಸ್ಥಿರ' ಅಂದಿತು. ಶನಿವಾರ, ಭಾನುವಾರ ವಹಿವಾಟೇ ಇರಲಿಲ್ಲ!

ನಮ್ಮ ತೋಟ ಗೊತ್ತೇ ಇಲ್ಲದ ಹೊಸಬನಿಗೆ ದಿನಾ ಹೇಳುವ ಹಾಗೆ ಬರೆಯಬೇಕು ಅಂತ ಆಗ ತಿಳಿಯಿತು. ಈಗಿನ ಸೂಚನೆ ಹೀಗಿದೆ: 'ರೋಬಸ್ಟಾ ಚೆರಿ, 50 ಕೆಜಿ ಮೂಟೆಯ ದರ ಮಾತ್ರ. ಲಂಡನ್ ದರವನ್ನು ಡಾಲರ್‌ನಲ್ಲೇ ಬೇರೆ ಸಾಲಿನಲ್ಲಿ ಕೊಡು. ಪ್ರತಿ ಅಂಕಿಯ ಪಕ್ಕ ಅದರ ತಾರೀಖು, ಎಲ್ಲಿಂದ ತಂದೆ ಅನ್ನುವುದು ಇರಲಿ. ಹೊಸ ದರ ಸಿಗದಿದ್ದರೆ ಸಿಗಲಿಲ್ಲ ಅಂತ ಬರಿ, ಊಹಿಸಬೇಡ.' ಕೊನೆಯ ಮಾತು ಸೇರಿಸಿದ ಮೇಲೆ ಸುಮ್ನೆ ಕಟ್ಟಿ ಹೇಳುವುದು ಬಹಳ ಕಡಿಮೆಯಾಯಿತು. ಟಾಸ್ಕ್ ಓಡುವುದು ಮಂಗಳವಾರದಿಂದ ಶನಿವಾರದವರೆಗೆ. ಹಿಂದಿನ ದಿನ ಲಂಡನ್ ಮಾರುಕಟ್ಟೆ ಬಾಗಿಲು ಹಾಕುವಾಗ ಇದ್ದ ದರ ಅಷ್ಟು ಹೊತ್ತಿಗೆ ಬಂದಿರುತ್ತದೆ. ಮೂಟೆ ಮಾರುವ ದಿನ ಮಾತ್ರ ವ್ಯಾಪಾರಿಗೆ ನಾನೇ ಫೋನ್ ಮಾಡಿ ಕೇಳುತ್ತೇನೆ.

ಎರಡನೇ ಟಾಸ್ಕ್ ರಾತ್ರಿ 8ಕ್ಕೆ. ಅದು ಏನನ್ನೂ ಹುಡುಕುವುದಿಲ್ಲ, 'ಇವತ್ತು ಮಳೆ ಎಷ್ಟು?' ಅಂತ ನನ್ನನ್ನೇ ಕೇಳುತ್ತದೆ. ಒಂದು ಗುಡ್ಡಕ್ಕೆ ಸುರಿದ ಮಳೆ ಪಕ್ಕದ ಗುಡ್ಡಕ್ಕೆ ಇರುವುದಿಲ್ಲ. ನಮ್ಮ ತೋಟದ ಲೆಕ್ಕ ಅಂಗಳದ ಮಳೆಮಾಪಕಕ್ಕೆ ಮಾತ್ರ ಗೊತ್ತು. ಇಂಚು, ಸೆಂಟ್‌ನಲ್ಲಿ (ನೂರು ಸೆಂಟ್ ಮಳೆಗೆ ಒಂದು ಇಂಚು) ಬರೆದು ಕಳಿಸುತ್ತೇನೆ. ಅಪ್ಪನ ಮಳೆ ಪುಸ್ತಕದಲ್ಲೂ ಇದೇ ಲೆಕ್ಕ.

ಮಾರ್ಚ್‌ನಲ್ಲಿ ಒಂದು ಸಂಜೆ ಒಳ್ಳೆ ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಮಳೆ ಬಂತು. ಅವತ್ತೇ ಒಂದು ಸಲಕ್ಕೆ ಮಾತ್ರ ಓಡುವ ಟಾಸ್ಕ್ ಇಟ್ಟೆ: 'ಇನ್ನು 18 ದಿನಕ್ಕೆ ನೆನಪಿಸು. ಅಷ್ಟರಲ್ಲಿ ಬ್ಯಾಕಿಂಗ್ ಮಳೆ (ಹೂವು ಕಾಯಿ ಕಟ್ಟಲು ಬೇಕಾದ ಎರಡನೇ ಮಳೆ) ಬರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು.' ಒಂಬತ್ತನೇ ದಿನಕ್ಕೆ ತೋಟ ಬೆಳ್ಳಗೆ ಅರಳಿತ್ತು. ಹದಿನೆಂಟನೇ ದಿನ ಬೆಳಗ್ಗೆ ಮೆಸೇಜ್ ಬಂದಾಗ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಪಂಪ್‌ಗೆ ಡೀಸೆಲ್ ತರಲು ಹೊರಟೆ.