ಜಿಂಕೆ ಕಾಣದಾದಾಗ ನಾನು ಬೇಟೆಯ ರೀತಿ ಬದಲಿಸಿದ್ದು

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜಿಂಕೆಯ ರೈಫಲ್ ಸೀಸನ್, ಅಂದರೆ ಬಂದೂಕಿನಿಂದ ಬೇಟೆಯಾಡಲು ಅನುಮತಿ ಇರುವ ದಿನಗಳು, ಶುರುವಾಗುವುದು ನವೆಂಬರ್ ನಾಲ್ಕನೇ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದ ಮೇಲಿನ ಶನಿವಾರ. ಅಲ್ಲಿಯವರೆಗೆ ಸಂಜೆಯಾದರೆ ಹೊಲದ ಅಂಚಿಗೆ ಬರುತ್ತಿದ್ದ ಜಿಂಕೆಗಳು ಕೆಲವೇ ದಿನಗಳಲ್ಲಿ ಮಾಯ. "ಈ ವರ್ಷ ಜಿಂಕೆನೇ ಇಲ್ಲ ಕಣ್ರಿ" ಅನ್ನುವ ಅರ್ಥದ ಮಾತು ಕಾರು ನಿಲ್ಲಿಸುವ ಜಾಗದಲ್ಲಿ ಪ್ರತಿ ಸೀಸನ್‌ನಲ್ಲೂ ಕಿವಿಗೆ ಬೀಳುತ್ತದೆ. ನನಗೆ ನಂಬಿಕೆ ಇಲ್ಲ. ಬಿಳಿಬಾಲದ ಜಿಂಕೆ ತಾನಿರುವ ಜಾಗವನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಜನರ ಓಡಾಟ ಜಾಸ್ತಿಯಾದರೆ ಹತ್ತಿರದ ದಟ್ಟ ಪೊದೆಗೆ ಸೇರಿಕೊಂಡು, ಮೇಯುವುದನ್ನು ರಾತ್ರಿಗೆ ಇಟ್ಟುಕೊಳ್ಳುತ್ತದೆ. ಹಗಲು ಅದು ಎಲ್ಲಿ ಮಲಗುತ್ತದೆ ಅಂತ ಹುಡುಕುವುದೇ ಆಮೇಲಿನ ಕೆಲಸ.

ಇದು ಅಮೆರಿಕದ ಮಾತು. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಜಿಂಕೆ ಬೇಟೆ ಅಪರಾಧ, ಊರಿನ ಕಡೆಯವರು ದಯವಿಟ್ಟು ಪ್ರಯೋಗಕ್ಕೆ ಇಳಿಯಬೇಡಿ. ಇಲ್ಲಿ ಅಮೆರಿಕದಲ್ಲೂ ಲೈಸೆನ್ಸು, ತರಬೇತಿ, ಹೊಡೆದ ಜಿಂಕೆಗೆ ಕಟ್ಟುವ ಟ್ಯಾಗು ಎಲ್ಲ ಇದ್ದರೆ ಮಾತ್ರ ಬೇಟೆಗೆ ಇಳಿಯಬಹುದು.

ನಾನು ಬೇಟೆಯಾಡುವುದು ಸ್ಟೇಟ್ ಗೇಮ್ ಲ್ಯಾಂಡ್‌ಗಳಲ್ಲಿ, ಅಂದರೆ ಎಲ್ಲರಿಗೂ ತೆರೆದಿರುವ ಸರ್ಕಾರಿ ಕಾಡಿನಲ್ಲಿ. ಮೊದಲು ಮ್ಯಾಪ್ ತೆಗೆದು ಕಾರು ನಿಲ್ಲಿಸುವ ಜಾಗಗಳನ್ನೂ ಅಲ್ಲಿಂದ ಹೊರಡುವ ದಾರಿಗಳನ್ನೂ ಗುರುತು ಮಾಡುತ್ತೇನೆ. ಹೆಚ್ಚಿನವರು ಆ ದಾರಿ ಬಿಟ್ಟು ಜಾಸ್ತಿ ಒಳಗೆ ಹೋಗುವುದಿಲ್ಲ. ಹೊಳೆ ದಾಟಬೇಕಾದ ಜಾಗ, ಕಡಿದಾದ ಏರು, ಕೆಸರು, ಇವುಗಳ ಆಚೆ ಏನಿದೆ ಅಂತ ನೋಡುತ್ತೇನೆ. ಹಾಗಂತ ಮೈಲಿಗಟ್ಟಲೆ ನಡೆಯಲೇಬೇಕು ಅಂತೇನಿಲ್ಲ. ರಸ್ತೆ ಪಕ್ಕದ ಚಿಕ್ಕ ಪೊದೆಯನ್ನು ಎಲ್ಲರೂ ಸುಮ್ನೆ ದಾಟಿ ಹೋಗುತ್ತಾರೆ. ಜಿಂಕೆ ಅಲ್ಲೇ ಮಲಗಿ ಅವರನ್ನು ನೋಡುತ್ತಿರುತ್ತದೆ!

ಎಲೆ ಉದುರಿದ ಮೇಲೆ ಈ ಕಡೆಯ ಗುಡ್ಡಗಳಲ್ಲಿ ಹಸಿರಾಗಿ ಉಳಿಯುವ ಪೊದೆ ಅಂದರೆ ಮೌಂಟನ್ ಲಾರೆಲ್. ಆಳೆತ್ತರ ಬೆಳೆದು, ಕೊಂಬೆಗೆ ಕೊಂಬೆ ಹೆಣೆದುಕೊಂಡಿರುತ್ತದೆ. ಅದರ ಒಳಗೆ ನುಗ್ಗುವುದಿಲ್ಲ, ಅಂಚಿನಲ್ಲಿ ನಿಧಾನವಾಗಿ ನಡೆಯುತ್ತೇನೆ. ತರಗೆಲೆ ಮೊಟ್ಟೆಯಾಕಾರದಲ್ಲಿ ಒತ್ತಿಹೋಗಿದ್ದರೆ ಅದು ಮಲಗಿದ ಗುರುತು. ಪಕ್ಕದಲ್ಲಿ ಹಿಕ್ಕೆ ಇನ್ನೂ ಕಪ್ಪಗೆ, ಒದ್ದೆಯಾಗಿ ಹೊಳೆಯುತ್ತಿದ್ದರೆ ಜಾಗ ಈಗಲೂ ಬಳಕೆಯಲ್ಲಿದೆ ಅಂತ ಅರ್ಥ. ಒಣಗಿ ಬಣ್ಣ ಮಾಸಿದ್ದರೆ ಮುಂದೆ ಹೋಗುತ್ತೇನೆ. ಗುಡ್ಡದ ಮೇಲ್ಭಾಗದಲ್ಲಿ, ನೆತ್ತಿಗಿಂತ ಸ್ವಲ್ಪ ಕೆಳಗೆ ಇಂಥ ಗುರುತು ಜಾಸ್ತಿ. ಅಲ್ಲಿ ಮಲಗಿದ ಜಿಂಕೆಗೆ ಬೆನ್ನ ಹಿಂದಿನದು ಗಾಳಿಯಲ್ಲಿ ವಾಸನೆಯಾಗಿ ಬರುತ್ತದೆ, ಮುಂದಿನ ಇಳಿಜಾರು ಕಣ್ಣಿಗೇ ಕಾಣುತ್ತದೆ.

ಗಾಳಿಯ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಫೋನ್‌ನಲ್ಲಿ ಪಡುವಣ ಗಾಳಿ ಅಂತ ತೋರಿಸಬಹುದು, ಗುಡ್ಡದಲ್ಲಿ ಲೆಕ್ಕವೇ ಬೇರೆ. ಬಿಸಿಲೇರಿದಂತೆ ಇಳಿಜಾರಿನ ಗಾಳಿ ಮೇಲಕ್ಕೆ ಹೋಗುತ್ತದೆ, ಸಂಜೆ ತಂಪಾದಂತೆ ಕಣಿವೆಗೆ ಇಳಿಯುತ್ತದೆ. ಹಾಗಾಗಿ ಬಿಸಿಲು ಬಿದ್ದ ಮೇಲೆ ಜಿಂಕೆಯ ದಾರಿಗಿಂತ ಮೇಲೆ, ಸಂಜೆ ಅದಕ್ಕಿಂತ ಕೆಳಗೆ ಕೂರುತ್ತೇನೆ. ಜೇಬಿನಲ್ಲಿ ಯಾವಾಗಲೂ ಮಿಲ್ಕ್‌ವೀಡ್ ಕಾಯಿ ಇರುತ್ತದೆ. ನಮ್ಮ ಎಕ್ಕದ ಕಾಯಿಯಂತೆ ಅದರೊಳಗೂ ರೇಷ್ಮೆಯಂಥ ನಾರು. ಒಂದೆಳೆ ಬಿಟ್ಟರೆ ಬಹಳ ದೂರ ತೇಲುತ್ತಾ ಹೋಗುತ್ತದೆ, ನನ್ನ ವಾಸನೆ ಯಾವ ತಿರುವಿನಲ್ಲಿ ಇಳಿಯುತ್ತದೆ ಅಂತ ಕಣ್ಣಾರೆ ಕಾಣುತ್ತದೆ. ಅದು ಪೊದೆಯ ಕಡೆ ಹೋದರೆ ಆ ದಿನ ಅಲ್ಲಿ ಕೂರುವುದಿಲ್ಲ, ಎಷ್ಟೇ ಒಳ್ಳೆ ಜಾಗ ಆಗಿರಲಿ.

ಇನ್ನು ಮೇವು. ನವೆಂಬರ್ ಮಧ್ಯದಲ್ಲಿ ಜೋರಾಗಿದ್ದ ಬೆದೆಯ ಭರಾಟೆ ರೈಫಲ್ ಸೀಸನ್ ಹೊತ್ತಿಗೆ ಇಳಿದಿರುತ್ತದೆ, ಸೊರಗಿದ ಗಂಡುಗಳಿಗೆ ಆಮೇಲೆ ಹೊಟ್ಟೆಯದೇ ಚಿಂತೆ. ಬಿಳಿ ಓಕ್ ಕಾಯಿಯಲ್ಲಿ ಒಗರು ಕಡಿಮೆ, ಹಾಗಾಗಿ ಅದು ಮೊದಲೇ ಖಾಲಿಯಾಗುತ್ತದೆ. ಡಿಸೆಂಬರ್‌ನಲ್ಲಿ ತರಗೆಲೆಯಡಿ ಉಳಿದಿರುವುದು ಕೆಂಪು ಓಕ್ ಕಾಯಿ. ಎಲೆ ನೋಡಿದರೆ ಮರ ಗೊತ್ತಾಗುತ್ತದೆ: ಬಿಳಿ ಓಕಿನ ಎಲೆಯಂಚು ದುಂಡಗೆ, ಕೆಂಪಿನದು ಚೂಪು. ಮರದಡಿ ಎಲೆ ಕೆದರಿ, ಒಡೆದ ಸಿಪ್ಪೆ ಬಿದ್ದಿದ್ದರೆ ಆ ಮರಕ್ಕೂ ಲಾರೆಲ್ ಪೊದೆಗೂ ನಡುವೆ, ಪೊದೆಗೇ ಹತ್ತಿರವಾಗಿ ಕೂರುತ್ತೇನೆ. ಮರದ ಹತ್ತಿರ ಕೂತರೆ ಜಿಂಕೆ ಬರುವಷ್ಟರಲ್ಲಿ ಕತ್ತಲಾಗಿ, ಗುಂಡು ಹಾರಿಸುವ ಸಮಯ ಮುಗಿದಿರುತ್ತದೆ.

ಹೊತ್ತನ್ನೂ ಬದಲಿಸಿಕೊಂಡೆ. ಹತ್ತು ಗಂಟೆ ದಾಟಿದರೆ ಚಳಿಗೂ ಹಸಿವಿಗೂ ಸೋತು ಹೆಚ್ಚಿನವರು ಕಾರಿನ ಕಡೆ ಹೊರಡುತ್ತಾರೆ. ಅವರ ಓಡಾಟಕ್ಕೇ ಎಷ್ಟೋ ಜಿಂಕೆ ಎದ್ದು ಜಾಗ ಬದಲಿಸುತ್ತವೆ. ಅದೂ ಅಲ್ಲದೆ ಮೆಲುಕು ಹಾಕುವ ಪ್ರಾಣಿ ಅಲ್ವಾ, ಮಧ್ಯಾಹ್ನ ಒಮ್ಮೆ ಎದ್ದು ಅಲ್ಲೇ ಸುತ್ತಮುತ್ತ ಎರಡು ಬಾಯಿ ಮೇಯುತ್ತದೆ. ಬೆಳಿಗ್ಗೆ ತಡವಾಗಿ ಹೋದರೂ ಸರಿ, ಹತ್ತರಿಂದ ಎರಡರವರೆಗೆ ಅಲ್ಲಾಡದೆ ಕೂರುತ್ತೇನೆ. ಬೇರೆ ಬೇಟೆಗಾರರಿಗೆ ಕಾಣುವಂತೆ ಮೈಮೇಲೆ 250 ಚದರ ಇಂಚು ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ಕಾನೂನಿನಂತೆ ಇರಲೇಬೇಕು. ಜಿಂಕೆಗೆ ಆ ಬಣ್ಣ ಎದ್ದು ಕಾಣುವುದಿಲ್ಲ, ಕೈಯೆತ್ತಿ ಮೂಗು ಒರೆಸಿಕೊಂಡರೆ ಮಾತ್ರ ತಕ್ಷಣ ಕಾಣುತ್ತದೆ.

ಸೀಸನ್ ಮುಗಿದ ಮೇಲೆ, ಫೆಬ್ರವರಿ-ಮಾರ್ಚ್‌ನಲ್ಲಿ ಮತ್ತೆ ಅದೇ ಗುಡ್ಡ ಸುತ್ತುತ್ತೇನೆ. ಹಿಮ ಕರಗಿ ಹೊಸ ಚಿಗುರು ಬರುವ ಮುಂಚೆ ಕಾಲುದಾರಿ, ಮಲಗಿದ ಜಾಗ, ಗಂಡು ಕೊಂಬು ಉಜ್ಜಿದ ಮರ ಎಲ್ಲ ಬೋಳಾಗಿ ಕಾಣುತ್ತವೆ. ಆಗ ಯಾವ ಜಿಂಕೆ ಬೆದರಿ ಓಡಿದರೂ ಚಿಂತೆಯಿಲ್ಲ, ಲಾರೆಲ್ ಪೊದೆಯ ಒಳಗೂ ನುಗ್ಗಿ ಎಲ್ಲವನ್ನೂ ಮ್ಯಾಪಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ.